ಒರಗು ನಾಲ್ಕು ಇಂಚು ಮುಂದಕ್ಕೆ ಬರಲಿ: ಗಾಲ್ಫ್ ಕಾರ್ಟ್ ತಯಾರಕರಿಗೊಂದು ಬಹಿರಂಗ ಪತ್ರ

ಗಾಲ್ಫ್ ಕಾರ್ಟ್ ತಯಾರಿಸುವ, ಅದರ ಸೀಟು ಎಲ್ಲಿರಬೇಕು, ಪೆಡಲ್ ಎಷ್ಟು ದೂರವಿರಬೇಕು ಎಂದು ತೀರ್ಮಾನಿಸುವ ಮಾನ್ಯರಿಗೆ,



ಅಮೆರಿಕದ ಜಾರ್ಜಿಯಾ ರಾಜ್ಯದ ಪೀಚ್‌ಟ್ರೀ ಸಿಟಿಯಿಂದ ಬರೆಯುತ್ತಿದ್ದೇನೆ. ನಿಮ್ಮ ಉದ್ಯಮದ ತವರು ಎನಿಸಿದ ಆಗಸ್ಟಾ ಇದೇ ರಾಜ್ಯದಲ್ಲಿದೆ. ಅಟ್ಲಾಂಟಾದ ದಕ್ಷಿಣಕ್ಕೆ 1959ರಲ್ಲಿ ಹುಟ್ಟಿಕೊಂಡ ನಮ್ಮ ಊರಿನಲ್ಲಿ ಕಾರಿನ ರಸ್ತೆಗೆ ಸೇರದ, ಮರಗಳ ನಡುವೆ ಹಾದು ಹೋಗುವ ದಾರಿಗಳಿವೆ. ಒಟ್ಟು ಉದ್ದ ನೂರು ಮೈಲಿಗೂ ಹೆಚ್ಚು. ಆ ದಾರಿಗಳಲ್ಲಿ ನಡೆಯುವವರು, ಸೈಕಲ್ ತುಳಿಯುವವರು ಮತ್ತು ಗಾಲ್ಫ್ ಕಾರ್ಟ್ ಓಡಿಸುವವರು ಓಡಾಡುತ್ತಾರೆ. ದಿನಸಿ ತರಲು, ಲೈಬ್ರರಿಗೆ, ಡಾಕ್ಟರ ಹತ್ತಿರ, ಗೆಳತಿಯ ಮನೆಗೆ ಎಂದು ಎಲ್ಲದಕ್ಕೂ ಕಾರ್ಟ್. ಹೈಸ್ಕೂಲಿನ ಮಕ್ಕಳು ಅದರಲ್ಲೇ ಶಾಲೆಗೆ ಹೋಗುತ್ತಾರೆ. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದೇ ಇರದ ಸಾವಿರಾರು ಜನರಿಗೆ ಇಲ್ಲಿ ಗಾಲ್ಫ್ ಕಾರ್ಟ್ ಮನೆಯ ಗಾಡಿ. ಅವರಲ್ಲಿ ನಾನೂ ಒಬ್ಬಳು. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು, ಅಂದರೆ 150 ಸೆಂಟಿಮೀಟರ್.

ನಿಮ್ಮ ಗಾಡಿ ನನಗೆ ಇಷ್ಟ. ಬ್ಯಾಟರಿಯದಾದರೆ ಸದ್ದಿಲ್ಲ, ಹೊಗೆಯಿಲ್ಲ; ಬಾಗಿಲಿಲ್ಲದ ಕಾರಣ ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಿಕೊಂಡು ಹೋಗಬಹುದು. ಕಾರು ಓಡಿಸಲು ಧೈರ್ಯ ಸಾಲದಾದ ಹಿರಿಯರಿಗೆ ಅದು ಸ್ವಂತ ಕೆಲಸ ಸ್ವಂತವಾಗಿ ಮಾಡಿಕೊಳ್ಳುವ ಬಲ ಕೊಟ್ಟಿದೆ. ಅದಕ್ಕಾಗಿಯೇ ಈ ಪತ್ರ. ಇಷ್ಟೆಲ್ಲ ಕೊಡುವ ಗಾಡಿಯಲ್ಲಿ ಸೀಟಿನ ಒರಗನ್ನು ಒಂದೇ ಜಾಗದಲ್ಲಿ ಬೋಲ್ಟ್ ಹಾಕಿ ಬಿಗಿದಿದ್ದೀರಿ. ಆ ಜಾಗ ನಮ್ಮಂಥವರ ಕಾಲಿಗೆ ದೂರ.

ಈ ದೂರ ಎಂಥದು ಎಂದು ತಿಳಿಯಲು ಗಿಡ್ಡ ಚಾಲಕರೊಬ್ಬರ ಪಾದವನ್ನೊಮ್ಮೆ ಹತ್ತಿರದಿಂದ ನೋಡಿ. ನಮ್ಮ ಬೀದಿಯಲ್ಲಿ ಮಗಳ ಸಂಸಾರದೊಂದಿಗೆ ನೆಲೆಸಿರುವ ಧಾರವಾಡದ ಹಿರಿಯರೊಬ್ಬರಿದ್ದಾರೆ. ನನಗಿಂತ ಒಂದಿಂಚು ಕಡಿಮೆ. ಬೆನ್ನು ಒರಗಿಗೆ ತಾಗುವಂತೆ ಕೂತರೆ ಸೀಟಿನ ಮುಂದಿನ ಅಂಚು ಅವರ ಮೀನಖಂಡವನ್ನು ಒತ್ತುತ್ತದೆ, ಹಿಮ್ಮಡಿ ನೆಲದಿಂದ ಮೇಲೇಳುತ್ತದೆ, ಬ್ರೇಕಿಗೆ ತಾಗುವುದು ಚಪ್ಪಲಿಯ ತುದಿ ಮಾತ್ರ. ಹಾಗಾಗಿ ಅವರು ಸೀಟಿನ ಅಂಚಿಗೆ ಜರುಗಿ ಕೂರುತ್ತಾರೆ. ಈಗ ಕಾಲು ಮುಟ್ಟುತ್ತದೆ, ಆದರೆ ಬೆನ್ನಿಗೆ ಆಸರೆಯಿಲ್ಲ. ಸೀಟಿನ ಪಕ್ಕದಲ್ಲಿ ಸೊಂಟ ಜಾರದಂತೆ ನೀವು ಇಟ್ಟಿರುವ ತಡೆಕಂಬಿ ಅವರ ಹಿಂದೆ ಉಳಿಯುತ್ತದೆ. ಎದೆ ಸ್ಟೀರಿಂಗಿಗೆ ಹತ್ತಿರ, ಮೊಣಕೈ ಪಕ್ಕೆಗೆ ಅಂಟಿಕೊಂಡಿದೆ. ಬ್ರೇಕನ್ನು ಜೋರಾಗಿ ಒತ್ತಬೇಕಾದಾಗ ಬೆನ್ನಿಗೆ ಒತ್ತು ಕೊಡುವ ಗೋಡೆಯಿಲ್ಲದೆ ಇಡೀ ದೇಹವೇ ಮುಂದಕ್ಕೆ ಜಾರುತ್ತದೆ.

ಇದನ್ನು ಬರೀ ಅನುಕೂಲದ ಪ್ರಶ್ನೆ ಎನ್ನಬೇಡಿ. ಗಾಲ್ಫ್ ಕಾರ್ಟಿಗೆ ಬಾಗಿಲಿಲ್ಲ. ಬಹುಪಾಲು ಕಾರ್ಟ್‌ಗಳಿಗೆ ಬೆಲ್ಟೂ ಇಲ್ಲ. ತಿರುವಿನಲ್ಲಿ ಕೂತವರನ್ನು ಒಳಗೆ ಹಿಡಿದಿಡುವುದು ಆ ತಡೆಕಂಬಿಯ ಜೊತೆಗೆ ಎರಡೇ: ನೆಲಕ್ಕೆ ಊರಿದ ಪಾದ, ಒರಗಿಗೆ ತಾಗಿದ ಬೆನ್ನು. ಇವೆರಡೂ ಇಲ್ಲದ ಚಾಲಕಿಗೆ ಉಳಿಯುವ ಒಂದೇ ಆಸರೆ ಸ್ಟೀರಿಂಗ್. ಆಕೆ ಬೀಳದಿರಲೆಂದು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಜಗ್ಗಿದರೆ ಗಾಡಿ ಇನ್ನೂ ಹೆಚ್ಚು ತಿರುಗುತ್ತದೆ. ದಾರಿ ತೋರಿಸುವ ಸಾಧನ ಹಿಡಿಕೆಯಾಗಿಬಿಟ್ಟರೆ ಅಪಾಯ ಬೇರೆಲ್ಲಿಂದಲೂ ಬರಬೇಕಿಲ್ಲ. ಅಮೆರಿಕದಲ್ಲಿ ಪ್ರತಿ ವರ್ಷ ಸಾವಿರಾರು ಜನ ಗಾಲ್ಫ್ ಕಾರ್ಟಿನಿಂದ ಬಿದ್ದೋ ಡಿಕ್ಕಿಯಾಗಿಯೋ ಆಸ್ಪತ್ರೆಗೆ ಹೋಗುತ್ತಾರೆ. ಅವರಲ್ಲಿ ಮಕ್ಕಳೂ ಹಿರಿಯರೂ ಇದ್ದಾರೆ.

ಬ್ರೇಕಿನ ವಿಚಾರವನ್ನೂ ಹೇಳಬೇಕು. ಸಾಮಾನ್ಯ ಕಾರ್ಟಿನಲ್ಲಿ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಕಾರಿನಲ್ಲಿರುವಂತೆ ಒತ್ತಡ ಹೆಚ್ಚಿಸಿಕೊಡುವ ವ್ಯವಸ್ಥೆ ಅದಕ್ಕಿಲ್ಲ, ಕಾಲಿನ ಬಲವೇ ಬಲ. ಹಲವು ಮಾದರಿಗಳಲ್ಲಿ ಪಾರ್ಕಿಂಗ್ ಬ್ರೇಕ್ ಕೂಡ ಅದೇ ಪೆಡಲಿನ ಮೇಲ್ತುದಿಯಲ್ಲಿದೆ. ಪೆಡಲನ್ನು ಪೂರ್ತಿ ತುಳಿದು ಮೇಲಿನ ಪಟ್ಟಿಯನ್ನು ಮುಂಗಾಲಿನಿಂದ ಒತ್ತಿದರೆ ಕಟಕ್ ಎಂದು ಹಲ್ಲು ಕಚ್ಚಿಕೊಳ್ಳುತ್ತದೆ. ಬಿಡಿಸಲು ಆಕ್ಸಿಲರೇಟರ್ ತುಳಿಯಬೇಕು. ಕಾಲು ಪೂರ್ತಿ ಮುಟ್ಟದವರಿಗೆ ಆ ಹಲ್ಲು ಅರ್ಧ ಮಾತ್ರ ಕಚ್ಚುತ್ತದೆ. ಸಮತಟ್ಟು ಜಾಗದಲ್ಲಿ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ಇಳಿದಾಗ ಗೊತ್ತಾಗುತ್ತದೆ.

ಒರಗನ್ನು ಹೀಗೆ ಬಿಗಿಯಲು ನಿಮಗೆ ಕಾರಣಗಳಿದ್ದವು, ಅವು ಸುಳ್ಳಲ್ಲ. ವಿದ್ಯುತ್ ಕಾರ್ಟಿನಲ್ಲಿ ಬ್ಯಾಟರಿಗಳು ಸೀಟಿನ ಕೆಳಗಿರುತ್ತವೆ. ಸೀಸದ ಬ್ಯಾಟರಿಗಳಾದರೆ ಆರು ಸೇರಿ ಒಂದೂವರೆ ಕ್ವಿಂಟಲಿಗೂ ಹೆಚ್ಚು ಭಾರ. ನೀರು ಹಾಕಲು, ತಂತಿ ಬಿಗಿಯಲು ಸೀಟನ್ನು ಎತ್ತಬೇಕು. ಅಂದರೆ ನಾವು ಕೂರುವ ಸೀಟು ಬ್ಯಾಟರಿ ಪೆಟ್ಟಿಗೆಯ ಮುಚ್ಚಳವೂ ಹೌದು. ಪೆಟ್ರೋಲ್ ಕಾರ್ಟಿನಲ್ಲಿ ಅದೇ ಜಾಗದಲ್ಲಿ ಎಂಜಿನ್ ಇರುತ್ತದೆ. ಒರಗನ್ನು ಹಿಡಿದಿರುವ ಕಂಬಿಗಳೇ ಬಹಳ ಮಾದರಿಗಳಲ್ಲಿ ಚಾವಣಿಯ ಭಾರವನ್ನೂ ಹೊರುತ್ತವೆ. ಜೊತೆಗೆ ಈ ಗಾಡಿಯನ್ನು ಮೊದಲು ಯೋಚಿಸಿದ್ದು ಗಾಲ್ಫ್ ಮೈದಾನಕ್ಕಾಗಿ. ಬೆಳಿಗ್ಗೆ ಯಾರೋ ಬಾಡಿಗೆಗೆ ಪಡೆದು ಹದಿನೆಂಟು ಗುಂಡಿ ಆಡಿ ಹಿಂದಿರುಗಿಸುತ್ತಾರೆ, ಮೈದಾನದ ಕೆಲಸಗಾರರು ಪೈಪಿನ ನೀರಲ್ಲಿ ತೊಳೆದು ಮಧ್ಯಾಹ್ನ ಇನ್ನೊಬ್ಬರಿಗೆ ಕೊಡುತ್ತಾರೆ. ಅಂಥ ಗಾಡಿಯಲ್ಲಿ ಅಲ್ಲಾಡುವ ಭಾಗ ಕಡಿಮೆ ಇದ್ದಷ್ಟೂ ರಿಪೇರಿ ಕಡಿಮೆ. ಎರಡು ಗುಂಡಿಗಳ ನಡುವೆ ಕೆಲವು ನಿಮಿಷ ಕೂರುವವರಿಗೆ ಸೀಟು ಹೊಂದದಿದ್ದರೂ ನಡೆದುಹೋಗುತ್ತದೆ.

ಆದರೆ ಗಾಡಿ ಮೈದಾನದ ಬೇಲಿ ದಾಟಿ ಬಹಳ ವರ್ಷಗಳಾದವು. ಅಮೆರಿಕ ಸರ್ಕಾರ ಇದನ್ನು 1998ರಲ್ಲೇ ಒಪ್ಪಿಕೊಂಡಿತು. ಗಂಟೆಗೆ 20ರಿಂದ 25 ಮೈಲಿ ಗರಿಷ್ಠ ವೇಗದ ಪುಟ್ಟ ಗಾಡಿಗಳಿಗೆ ಬೇರೆಯದೇ ಸುರಕ್ಷತಾ ನಿಯಮ ತಂದು ದೀಪ, ಕನ್ನಡಿ, ಮುಂಗಾಜು, ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. ಅದಕ್ಕಿಂತ ನಿಧಾನದ ಸಾಮಾನ್ಯ ಕಾರ್ಟ್‌ಗಳು ಆ ನಿಯಮದ ಹೊರಗೆ ಉಳಿದವು. ಸೀಟು ಚಾಲಕನ ಅಳತೆಗೆ ಹೊಂದಬೇಕು ಎಂಬ ಮಾತು ಆ ನಿಯಮದಲ್ಲೂ ಬರಲಿಲ್ಲ. ಕಾಲು ಬ್ರೇಕಿಗೆ ಎಟುಕದವರಿಗೆ ದೀಪ, ಕನ್ನಡಿ ಎಷ್ಟಿದ್ದರೇನು?

ಗಾಲ್ಫ್ ಕಾರ್ಟ್ ಎಂಬುದು ದೇಹದ ಮಿತಿಯನ್ನು ದಾಟಿಸುವ ಸಾಧನ ಎಂದು ಈ ದೇಶದ ಸುಪ್ರೀಂ ಕೋರ್ಟೇ ಒಪ್ಪಿದೆ. ಕಾಲಿನ ರಕ್ತಸಂಚಾರದ ತೊಂದರೆಯಿಂದ ಹೆಚ್ಚು ನಡೆಯಲಾಗದಿದ್ದ ಕೇಸಿ ಮಾರ್ಟಿನ್ ಎಂಬ ಗಾಲ್ಫ್ ಆಟಗಾರ ವೃತ್ತಿಪರ ಪಂದ್ಯಗಳಲ್ಲಿ ಕಾರ್ಟ್ ಬಳಸಲು ಅವಕಾಶ ಕೇಳಿದರು. ಆಟದ ಸಂಸ್ಥೆ ಒಪ್ಪಲಿಲ್ಲ. ನ್ಯಾಯಾಲಯ 2001ರಲ್ಲಿ ಏಳು-ಎರಡರ ಬಹುಮತದಿಂದ ಮಾರ್ಟಿನ್ ಪರ ತೀರ್ಪು ಕೊಟ್ಟಿತು. ನಡೆಯಲಾಗದವರಿಗೆ ಬಾಗಿಲು ತೆರೆದ ಗಾಡಿ ಕುಳ್ಳಗಿರುವವರಿಗೆ ಬಾಗಿಲು ಮುಚ್ಚುವುದು ಸರಿಯಲ್ಲ.

ಕುಳ್ಳಗಿರುವವರು ಎಷ್ಟು ಮಂದಿ ಎಂದು ನೀವು ಕೇಳಬಹುದು. ಅಮೆರಿಕದ ಗಂಡಸರ ಸರಾಸರಿ ಎತ್ತರ ಸುಮಾರು 175 ಸೆಂಟಿಮೀಟರ್, ಹೆಂಗಸರದು ಸುಮಾರು 161. ಭಾರತದ ಹೆಂಗಸರ ಸರಾಸರಿ 152ರ ಆಸುಪಾಸು. ಅಮೆರಿಕದ ಸರಾಸರಿ ಗಂಡಸಿಗೂ ಭಾರತದ ಸರಾಸರಿ ಹೆಂಗಸಿಗೂ ನಡುವಿನ ವ್ಯತ್ಯಾಸ ಒಂದು ಗೇಣಿನಷ್ಟು. ಅದರಲ್ಲಿ ಅರ್ಧದಷ್ಟು ಕಾಲಿನ ಉದ್ದದಲ್ಲೇ ಬರುತ್ತದೆ. ಈ ಊರಿನ ಶಾಲಾಮಕ್ಕಳನ್ನು ಸೇರಿಸಿಕೊಳ್ಳಿ. ವಯಸ್ಸಾದವರನ್ನು ಮರೆಯಬೇಡಿ. ನಲವತ್ತು ದಾಟಿದ ಮೇಲೆ ದಶಕಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಎಲ್ಲರೂ ಕುಗ್ಗುತ್ತಾರೆ. ಬೆನ್ನುಮೂಳೆಯ ನಡುವಿನ ಮೆತ್ತೆಗಳು ತೆಳುವಾಗುತ್ತವೆ, ಮೂಳೆ ಸವೆದವರಲ್ಲಿ ಕುಗ್ಗುವುದು ಇನ್ನೂ ಹೆಚ್ಚು. ಫ್ಲಾರಿಡಾದ ದಿ ವಿಲೇಜಸ್ ನಿವೃತ್ತರಿಗಾಗಿಯೇ ಕಟ್ಟಿದ ಊರು, ಅಲ್ಲಿಯೂ ಓಡಾಟಕ್ಕೆ ಕಾರ್ಟ್. 2010ರಿಂದ 2020ರ ಜನಗಣತಿಯ ನಡುವೆ ಅಮೆರಿಕದಲ್ಲಿ ಅತಿ ವೇಗವಾಗಿ ಬೆಳೆದ ಮಹಾನಗರ ಪ್ರದೇಶ ಅದೇ, ಹತ್ತು ವರ್ಷಗಳಲ್ಲಿ ಜನಸಂಖ್ಯೆ ಶೇ. 39ರಷ್ಟು ಏರಿತು. ನಿಮ್ಮ ಅತ್ಯಂತ ನಿಷ್ಠಾವಂತ ಗಿರಾಕಿಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವವರು. ಅರವತ್ತರಲ್ಲಿ ಹೊಂದಿದ ಸೀಟು ಎಂಬತ್ತರಲ್ಲಿ ಅವರಿಗೇ ಹೊಂದದಿರಬಹುದು.

ನನ್ನ ಮಾತು ಕರ್ನಾಟಕಕ್ಕೂ ತಾಗುತ್ತದೆ. ಹಂಪಿಯ ವಿಜಯ ವಿಠ್ಠಲ ದೇವಾಲಯಕ್ಕೆ ಹೋದವರು ವಾಹನ ನಿಲ್ದಾಣದಿಂದ ದೇವಾಲಯದವರೆಗೆ ಬ್ಯಾಟರಿ ಗಾಡಿಯಲ್ಲಿ ಹೋಗಿರುತ್ತಾರೆ. ಸ್ಮಾರಕಗಳಿಗೆ ಹೊಗೆ, ಕಂಪನ ತಾಗದಿರಲೆಂದು ತಂದ ವ್ಯವಸ್ಥೆ. ಆ ಗಾಡಿಗಳನ್ನು ಓಡಿಸುವವರಲ್ಲಿ ಸುತ್ತಲಿನ ಊರುಗಳ ಹೆಣ್ಣುಮಕ್ಕಳಿದ್ದಾರೆ. ಬಿಸಿಲಿಗೆ ತಲೆಯ ಮೇಲೆ ಬಟ್ಟೆ ಹೊದ್ದು, ಹಿಂದೆ ಸಾಲುಸಾಲಾಗಿ ಪ್ರವಾಸಿಗರನ್ನು ಕೂರಿಸಿಕೊಂಡು, ಮಣ್ಣುದಾರಿಯಲ್ಲಿ ದಿನವಿಡೀ ಹೋಗಿಬರುತ್ತಾರೆ. ಲಾಲ್‌ಬಾಗಿನಲ್ಲಿ, ಮೈಸೂರು ಮೃಗಾಲಯದಲ್ಲಿ, ದೊಡ್ಡ ರೈಲು ನಿಲ್ದಾಣಗಳ ಪ್ಲಾಟ್‌ಫಾರಂಗಳಲ್ಲಿ ಓಡುವುದೂ ಇದೇ ಕುಲದ ಗಾಡಿಗಳು. ಉದ್ದ ಹೆಚ್ಚಿದೆ, ಸೀಟಿನ ಸಾಲುಗಳು ಹೆಚ್ಚಿವೆ, ಚಾಲಕರ ಜಾಗದ ಲೆಕ್ಕ ಮಾತ್ರ ಬಹುಮಟ್ಟಿಗೆ ಅದೇ: ಒಂದು ಬೆಂಚು, ಅಲ್ಲಾಡದ ಒರಗು, ಕದಲದ ಪೆಡಲ್. ನಾನು ಇಲ್ಲಿ ಅರ್ಧ ಗಂಟೆ ಕೂತು ಮನೆ ಸೇರುತ್ತೇನೆ. ಅಲ್ಲಿ ಒಬ್ಬ ಹೆಣ್ಣುಮಗಳು ಹತ್ತಾರು ಜನರ ಹೊಣೆ ಹೊತ್ತು ಇಡೀ ಪಾಳಿ ಕೂರುತ್ತಾಳೆ. ಅವಳ ಬೆನ್ನು, ಅವಳ ಮಂಡಿ ನಿಮ್ಮ ನಕ್ಷೆಯಲ್ಲಿ ಇರಬೇಕು.

ಅವಳ ಅಳತೆ ಸಿಗುವುದಿಲ್ಲ ಎನ್ನುವಂತಿಲ್ಲ. ಭಾರತೀಯರ ದೇಹದ ಅಳತೆಗಳನ್ನು ವಿನ್ಯಾಸಕಾರರಿಗೆಂದೇ ಸಂಗ್ರಹಿಸಿದ ದೇಬ್‌ಕುಮಾರ್ ಚಕ್ರವರ್ತಿಯವರ ಗ್ರಂಥವನ್ನು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲೇ ಪ್ರಕಟಿಸಿದೆ. ಕೂತಾಗ ಮೊಣಕಾಲಿನ ಎತ್ತರ, ತೊಡೆಯ ಉದ್ದ, ಕೈ ಚಾಚಿದಾಗಿನ ದೂರ, ಎಲ್ಲವೂ ಅಂಥ ಪುಸ್ತಕಗಳಲ್ಲಿ ಕೋಷ್ಟಕವಾಗಿ ಸಿಗುತ್ತವೆ.

'ಸರಾಸರಿ ಮನುಷ್ಯನಿಗೆ ಹೊಂದುವಂತೆ ಮಾಡಿದ್ದೇವೆ' ಎಂಬ ಉತ್ತರವೂ ನಿಮ್ಮ ಬಳಿ ಇರಬಹುದು. ಆ ಉತ್ತರ ಬಿದ್ದುಹೋಗಿ ಎಪ್ಪತ್ತು ವರ್ಷಗಳಾದವು. 1950ರಲ್ಲಿ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಅಳತೆ ತೆಗೆಸಿತು. ಲೆಫ್ಟಿನೆಂಟ್ ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವಕ ಅದರಿಂದ ಹತ್ತು ಮುಖ್ಯ ಅಳತೆಗಳನ್ನು ಆಯ್ದು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವ ಪೈಲಟ್‌ಗಳು ಎಷ್ಟು ಮಂದಿ ಎಂದು ಲೆಕ್ಕ ಹಾಕಿದರು. ಒಬ್ಬರೂ ಸಿಗಲಿಲ್ಲ. ಸರಾಸರಿ ಮನುಷ್ಯನಿಗೆಂದು ಮಾಡಿದ ಕಾಕ್‌ಪಿಟ್ ಯಾರಿಗೂ ಸರಿಯಾಗಿ ಹೊಂದುತ್ತಿರಲಿಲ್ಲ. ಸೀಟೂ ಪೆಡಲೂ ಪೈಲಟ್‌ಗೆ ತಕ್ಕಂತೆ ಜರುಗಬೇಕು ಎಂಬ ಬೇಡಿಕೆಯನ್ನು ವಾಯುಪಡೆ ವಿಮಾನ ತಯಾರಕರ ಮುಂದಿಟ್ಟಿತು. ಆಗದು, ಖರ್ಚು ಹೆಚ್ಚು ಎಂದವರೇ ಕಡೆಗೆ ಮಾಡಿಕೊಟ್ಟರು. ಜೆಟ್ ವಿಮಾನದಲ್ಲಿ ಸಾಧ್ಯವಾದದ್ದು ಗಂಟೆಗೆ ಹದಿನೈದು ಮೈಲಿ ಓಡುವ ಗಾಡಿಯಲ್ಲಿ ಅಸಾಧ್ಯವಲ್ಲ.

ನೀವು ಮಾಡಿಕೊಡದ ಕಾರಣ ನಾವು ಮನೆಯಲ್ಲಿ ಮಾಡಿಕೊಳ್ಳುತ್ತಿದ್ದೇವೆ. ಕಾರ್ಟ್ ಮಾರಿದ ಅಂಗಡಿಯವರು ನನಗೆ ಕೊಟ್ಟ ಸಲಹೆ ಒಂದೇ: ದಿಂಬು ಇಟ್ಟುಕೊಳ್ಳಿ. ಅದು ಅರ್ಧ ಸಲಹೆ, ಕೆಲವೊಮ್ಮೆ ಅಪಾಯದ ಸಲಹೆ. ಈ ಪತ್ರ ಓದುವ ನನ್ನಂಥ ಚಾಲಕರಿಗೂ ಉಪಯೋಗವಾಗಲಿ ಎಂದು, ನೀವು ಮಾಡಬೇಕಾದ ಕೆಲಸದ ಕ್ರಮವನ್ನು ನಾವು ಮಾಡಿಕೊಳ್ಳುವ ಕ್ರಮದಲ್ಲೇ ವಿವರಿಸುತ್ತೇನೆ.

ಮೊದಲು ಸರಿಪಡಿಸಬೇಕಾದ್ದು ಒರಗು. ಕುಳ್ಳಗಿರುವವರು ಎಂದ ಕೂಡಲೇ ಎಲ್ಲರೂ ಸೀಟು ಎತ್ತರಿಸಲು ಹೊರಡುತ್ತಾರೆ. ಕಾರಿನಲ್ಲಿ ಬಾನೆಟ್ ಅಡ್ಡ ಬರುತ್ತದೆ, ಅಲ್ಲಿ ಎತ್ತರ ಬೇಕು. ಕಾರ್ಟಿನ ಮೂತಿ ಗಿಡ್ಡ, ಮುಂಗಾಜು ತಗ್ಗಿನಿಂದಲೇ ಶುರುವಾಗುತ್ತದೆ, ದಾರಿ ಸಾಮಾನ್ಯವಾಗಿ ಕಾಣುತ್ತದೆ. ಸೀಟಿನ ಮೇಲೆ ದಿಂಬು ಹಾಕಿದರೆ ಈಗಾಗಲೇ ನೇತಾಡುವ ಕಾಲು ಇನ್ನಷ್ಟು ಮೇಲೇಳುತ್ತದೆ. ಮೆತ್ತನೆಯ ದಿಂಬಾದರೆ ತಿರುವಿನಲ್ಲಿ ಅದೇ ಜಾರುತ್ತದೆ. ಬೆಲ್ಟ್ ಹಾಕಿಸಿಕೊಂಡವರಿಗೆ ಇನ್ನೊಂದು ತೊಂದರೆ: ದಿಂಬು ಕುಸಿದಾಗ ಬೆಲ್ಟ್ ಸಡಿಲಗೊಂಡು, ಸೊಂಟದ ಮೂಳೆಯ ಮೇಲಿರಬೇಕಾದದ್ದು ಹೊಟ್ಟೆಗೆ ಏರುತ್ತದೆ. ಆದ್ದರಿಂದ ತುಂಬಬೇಕಾದ್ದು ಬೆನ್ನಿನ ಹಿಂದಿನ ಜಾಗ.

ನಾವು ಮಾಡಿದ್ದು ಹೀಗೆ. ಒರಗಿನ ಅಗಲಕ್ಕೆ ಸರಿಯಾಗಿ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ಗಟ್ಟಿ ಫೋಮ್, ಮೇಲೆ ನೀರು ಹೀರದ ರೆಕ್ಸಿನ್. ಕೆಳಭಾಗ ದಪ್ಪ, ಮೇಲೆ ಹೋದಂತೆ ತೆಳು, ಸೊಂಟಕ್ಕೆ ಒತ್ತು ಸಿಗುವಂತೆ. ಅದನ್ನು ಒರಗಿನ ಕಂಬಿಗೆ ಎರಡು ಪಟ್ಟಿಗಳಿಂದ ಬಿಗಿದೆವು. ಕೈಯಿಂದ ಜಗ್ಗಿದರೂ ಪಕ್ಕಕ್ಕೆ ಜರುಗಬಾರದು. ಕೆಲವರು ಕಬ್ಬಿಣದ ಬ್ರಾಕೆಟ್ ಮಾಡಿಸಿ ಮೂಲ ಒರಗನ್ನೇ ಮುಂದಕ್ಕೆ ತರಿಸುತ್ತಾರೆ. ಚಾವಣಿಯ ಭಾರ ಹೊರುವ ಕಂಬಿಯನ್ನು ಕೊರೆಯದೆ, ಕತ್ತರಿಸದೆ ಮಾಡುವುದಾದರೆ ಅದು ಇನ್ನೂ ಒಳ್ಳೆಯದು. ಎಷ್ಟು ಮುಂದಕ್ಕೆ ಎಂಬುದನ್ನು ಕೂರುವವರ ಕಾಲೇ ಹೇಳುತ್ತದೆ. ಬೆನ್ನು ಪೂರ್ತಿ ಒರಗಿಗೆ ತಾಗಿರಬೇಕು. ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗ ಉಳಿಯಬೇಕು. ಬ್ರೇಕನ್ನು ಪೂರ್ತಿ ತುಳಿದಾಗಲೂ ಮಂಡಿ ಕೊಂಚ ಬಾಗಿಯೇ ಇರಬೇಕು. ನನ್ನ ಎತ್ತರದವರಿಗೆ ಇದು ನಾಲ್ಕು ಇಂಚಿನ ಹತ್ತಿರ ಬರುತ್ತದೆ.

ಎರಡನೆಯದು ನೆಲ. ಒರಗು ಮುಂದೆ ಬಂದ ಮೇಲೂ ಹಿಮ್ಮಡಿ ನೆಲಕ್ಕೆ ತಾಗದಿದ್ದರೆ ಹಿಮ್ಮಡಿಯ ಕೆಳಗೆ ಒಂದು ಹಲಗೆಯ ಮೆಟ್ಟು ಬೇಕು. ಅದು ಸ್ಕ್ರೂ ಹಾಕಿ ಕೂರಿಸಿದ ಮೆಟ್ಟಾಗಿರಬೇಕು. ಸುಮ್ಮನೆ ಇಟ್ಟ ಹಲಗೆ ಒಂದು ದಿನ ಬ್ರೇಕಿನ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅಂದು ಪೆಡಲ್ ಇಳಿಯುವುದಿಲ್ಲ. ಸಡಿಲವಾದ ಮ್ಯಾಟ್‌ಗೂ ಇದೇ ಮಾತು.

ಮೂರನೆಯದು ಪೆಡಲ್. ಪೆಡಲಿಗೆ ದಪ್ಪ ಸೇರಿಸುವ ಲೋಹದ ತುಂಡುಗಳು ಸಿಗುತ್ತವೆ, ಕಾಲು ಇನ್ನೂ ಮುಟ್ಟದವರಿಗೆ ಬೇಕಾಗುತ್ತವೆ. ಮರದ ತುಂಡನ್ನು ಟೇಪ್ ಸುತ್ತಿ ಕಟ್ಟಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಬೆವರು, ಮಳೆ, ಬಿಸಿಲಿಗೆ ಟೇಪ್ ಸಡಿಲಾಗುತ್ತದೆ. ಬೋಲ್ಟ್ ಹಾಕಿ ಬಿಗಿಯುವಂಥದ್ದನ್ನೇ ತನ್ನಿ, ಪಾರ್ಕಿಂಗ್ ಬ್ರೇಕಿನ ಮೇಲ್ಪಟ್ಟಿಯನ್ನು ಅದು ಮುಚ್ಚಬಾರದು, ಆ ಪಟ್ಟಿ ಕಾಲಿಗೆ ಬೇರೆಯಾಗಿಯೇ ಸಿಗಬೇಕು. ಬ್ರೇಕಿಗೆ ದಪ್ಪ ಕೊಟ್ಟರೆ ಆಕ್ಸಿಲರೇಟರಿಗೂ ಅಷ್ಟೇ ಕೊಡಬೇಕು. ಇಲ್ಲದಿದ್ದರೆ ಒಂದರಿಂದ ಇನ್ನೊಂದಕ್ಕೆ ಪಾದ ಸರಿಸುವಾಗ ಅಂಚಿಗೆ ತಗುಲುತ್ತದೆ. ಎರಡೂ ಪೆಡಲ್‌ಗಳು ತುಳಿದು ಬಿಟ್ಟಾಗ ತಾವಾಗಿಯೇ ಮೇಲಕ್ಕೆ ಬರುತ್ತವೆಯೇ ಎಂದು ಗಾಡಿ ಆಫ್ ಇರುವಾಗಲೇ ನೋಡಬೇಕು. ಕಾರ್ಟ್ ರಿಪೇರಿ ಬಲ್ಲವರಿಗೆ ಒಮ್ಮೆ ತೋರಿಸಿ ಆಮೇಲೆ ದಾರಿಗಿಳಿಯಬೇಕು.

ನಾಲ್ಕನೆಯದು ಸ್ಟೀರಿಂಗ್. ಬೆನ್ನು ಮುಂದೆ ಬಂದಂತೆ ಅದು ತಾನಾಗಿಯೇ ಹತ್ತಿರವಾಗುತ್ತದೆ. ಎದೆಗೂ ಅದಕ್ಕೂ ನಡುವೆ ಹತ್ತು ಇಂಚಿನಷ್ಟು ಅಂತರ, ಮೊಣಕೈಯಲ್ಲಿ ಹಿತವಾದ ಬಾಗು ಇದ್ದರೆ ಸಾಕು. ಅಂತರ ಉಳಿಯದವರಿಗೆ ಸ್ವಲ್ಪ ಚಿಕ್ಕ ವ್ಯಾಸದ ಚಕ್ರ ಹಾಕಿಸಿದರೆ ತೊಡೆಗೂ ಜಾಗ ಸಿಗುತ್ತದೆ. ಸ್ಟೀರಿಂಗ್ ಬಾಗಿಸುವ ಸೌಲಭ್ಯ ಕೆಲವು ಮಾದರಿಗಳಲ್ಲಿದೆ. ಅದು ಎಲ್ಲದರಲ್ಲೂ ಇರಬೇಕಿತ್ತು.

ಕೊನೆಗೆ ಕನ್ನಡಿ, ಬೆಲ್ಟ್, ತಡೆಕಂಬಿ. ಕೂರುವ ಜಾಗ ಬದಲಾದ ಮೇಲೆ ಕನ್ನಡಿಯನ್ನು ಹೊಸದಾಗಿ ಹೊಂದಿಸಬೇಕು. ಸೊಂಟದ ತಡೆಕಂಬಿ ಈಗಲೂ ನಮ್ಮ ಪಕ್ಕಕ್ಕೆ ಬರುತ್ತದೆಯೇ ನೋಡಬೇಕು, ಬಾರದಿದ್ದರೆ ಮುಂದಕ್ಕೆ ಹಾಕಿಸಬೇಕು. ಖಾಲಿ ಮೈದಾನದಲ್ಲಿ ನಿಧಾನವಾಗಿ ತಿರುಗಿಸಿ, ಹಠಾತ್ತಾಗಿ ನಿಲ್ಲಿಸಿ, ಸಣ್ಣ ಇಳಿಜಾರಿನಲ್ಲಿ ಪಾರ್ಕಿಂಗ್ ಬ್ರೇಕ್ ಹಾಕಿ ನೋಡಿದ ಮೇಲೆ ಮಾತ್ರ ಬೇರೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಧಾರವಾಡದ ಆ ಹಿರಿಯರ ಕಾರ್ಟಿಗೂ ಹೀಗೆಯೇ ಒಂದು ಒರಗು ಮಾಡಿಕೊಟ್ಟೆವು. ಈಗ ಅವರ ಹಿಮ್ಮಡಿ ನೆಲದ ಮೇಲಿದೆ. ಪಾದವನ್ನು ಎತ್ತದೆ ಹಿಮ್ಮಡಿಯ ಮೇಲೆಯೇ ತಿರುಗಿಸಿ ಆಕ್ಸಿಲರೇಟರಿನಿಂದ ಬ್ರೇಕಿಗೆ ಬರುತ್ತಾರೆ. ಮುಂಗಾಲು ಮೇಲ್ಪಟ್ಟಿಯನ್ನು ಒತ್ತಿದಾಗ ಹಲ್ಲು ಪೂರ್ತಿ ಕಚ್ಚಿದ ಸದ್ದು ಪಕ್ಕದಲ್ಲಿ ಕೂತ ನನಗೂ ಕೇಳುತ್ತದೆ. ತಿರುವಿನಲ್ಲಿ ಅವರ ಕೈ ಸ್ಟೀರಿಂಗಿನ ಮೇಲೆ ಹಗುರವಾಗಿರುತ್ತದೆ. ಬೆನ್ನುನೋವಿನ ಮಾತು ಅವರ ಬಾಯಲ್ಲಿ ಕಡಿಮೆಯಾಗಿದೆ. ಬಳಸಿದ್ದು ಒಂದು ಹಲಗೆ, ಒಂದಿಷ್ಟು ಫೋಮ್, ಎರಡು ಪಟ್ಟಿ.

ಆದರೆ ಮನೆಯಲ್ಲಿ ಮಾಡಿದ್ದಕ್ಕೆ ಮಿತಿಯಿದೆ. ಅದನ್ನು ಯಾರೂ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿಲ್ಲ. ಮನೆಯಲ್ಲಿ ಆರಡಿ ಎತ್ತರದ ಅಳಿಯನೂ ಅದೇ ಕಾರ್ಟ್ ಓಡಿಸುವುದಾದರೆ ಪ್ರತಿ ಸಲ ಪಟ್ಟಿ ಬಿಚ್ಚಿ ಕಟ್ಟಬೇಕು. ಅವಸರದಲ್ಲಿ ಒಂದು ಪಟ್ಟಿ ಕಟ್ಟುವುದು ಮರೆತೇ ಹೋಗುತ್ತದೆ. ಹಂಪಿಯ ಚಾಲಕಿಗೆ ತನ್ನದಲ್ಲದ ಗಾಡಿಗೆ ತನ್ನಿಷ್ಟದಂತೆ ಸ್ಕ್ರೂ ಹೊಡೆಯುವ ಅಧಿಕಾರವೇ ಇಲ್ಲ. ಇದು ಕಾರ್ಖಾನೆಯಲ್ಲೇ ಆಗಬೇಕಾದ ಕೆಲಸ.

ನಾನು ಕೇಳುವುದು ದೊಡ್ಡದಲ್ಲ. ಬ್ಯಾಟರಿ ಪೆಟ್ಟಿಗೆಯ ಮುಚ್ಚಳವಾಗಿರುವ ಸೀಟನ್ನು ನೀವು ಕದಲಿಸಬೇಕಿಲ್ಲ. ಚಾವಣಿಯ ಕಂಬಿಯನ್ನು ಮುಟ್ಟಬೇಕಿಲ್ಲ. ಆ ಕಂಬಿಯ ಮುಂದೆ ಒರಗಿಗೆ ತನ್ನದೇ ಒಂದು ಚೌಕಟ್ಟು ಕೊಡಿ. ಮೂರು ನೆಲೆ ಸಾಕು: ಈಗಿರುವ ಜಾಗ, ಅದಕ್ಕಿಂತ ಎರಡು ಇಂಚು ಮುಂದೆ, ನಾಲ್ಕು ಇಂಚು ಮುಂದೆ. ಪಿನ್ ಎಳೆದು ಜರುಗಿಸಿ ಬಿಟ್ಟರೆ ಕಚ್ಚಿಕೊಳ್ಳಬೇಕು. ಚಾಲಕನ ಒರಗು ಪಕ್ಕದವರ ಒರಗಿನಿಂದ ಬೇರೆಯಾಗಿರಲಿ. ನೀರು ತಾಗಿದರೂ ತುಕ್ಕು ಹಿಡಿಯದ ಲೋಹ ಇರಲಿ. ಎರಡನೆಯದಾಗಿ, ಪೆಡಲಿಗೆ ದಪ್ಪ ಸೇರಿಸುವ ತುಂಡುಗಳನ್ನು, ಹಿಮ್ಮಡಿಯ ಮೆಟ್ಟನ್ನು ನೀವೇ ಪರೀಕ್ಷಿಸಿ ನಿಮ್ಮ ಹೆಸರಿನಲ್ಲೇ ಮಾರಿ. ಮೂರನೆಯದಾಗಿ, ಹೊಸ ಮಾದರಿಯನ್ನು ಮಾರುಕಟ್ಟೆಗೆ ಬಿಡುವ ಮುನ್ನ 150 ಸೆಂಟಿಮೀಟರ್ ಎತ್ತರದ ಒಬ್ಬ ಹೆಂಗಸನ್ನು ಅದರಲ್ಲಿ ಕೂರಿಸಿ, ಇಳಿಜಾರಿನಲ್ಲಿ ಬ್ರೇಕ್ ಹಾಕಿಸಿ, ತಿರುವಿನಲ್ಲಿ ಓಡಿಸಿ ನೋಡಿ. ಅವಳ ಹಿಮ್ಮಡಿ ನೆಲದಿಂದ ಎದ್ದರೆ ಆ ಗಾಡಿ ಇನ್ನೂ ಸಿದ್ಧವಾಗಿಲ್ಲ ಎಂದೇ ತಿಳಿಯಿರಿ.

ಗಾಡಿಗಳನ್ನು ಕೊಳ್ಳುವ ಅಧಿಕಾರಿಗಳಿಗೂ ಒಂದು ಮಾತು. ಕರ್ನಾಟಕದ ಪ್ರವಾಸಿ ತಾಣಗಳಿಗೆ, ಉದ್ಯಾನಗಳಿಗೆ, ಮೃಗಾಲಯಗಳಿಗೆ ಬ್ಯಾಟರಿ ಗಾಡಿ ಕೊಳ್ಳುವಾಗ ಟೆಂಡರಿನಲ್ಲಿ ಆಸನಗಳ ಸಂಖ್ಯೆ, ಬ್ಯಾಟರಿಯ ಬಲದ ಜೊತೆಗೆ ಇನ್ನೊಂದು ಸಾಲು ಸೇರಿಸಿ: ಚಾಲಕರ ಸೀಟಿನ ಒರಗು ಹಿಂದೆ ಮುಂದೆ ಜರುಗುವಂತಿರಬೇಕು. ಗಾಡಿ ಒಪ್ಪಿಕೊಳ್ಳುವ ದಿನ ಅದನ್ನು ದಿನವೂ ಓಡಿಸುವ ಹೆಣ್ಣುಮಕ್ಕಳನ್ನು ಕರೆದು ಕೂರಿಸಿ ಕೇಳಿ. ಅವರು ಸರಿ ಎಂದ ಮೇಲೆ ಸಹಿ ಹಾಕಿ. ಕೊಳ್ಳುವವರು ಕೇಳಿದರೆ ತಯಾರಕರು ಮಾಡುತ್ತಾರೆ.

ಇಂತಿ,
ನಿಮ್ಮ ಗಾಡಿಯ ಒಬ್ಬ ಚಾಲಕಿ,
ಪೀಚ್‌ಟ್ರೀ ಸಿಟಿ, ಜಾರ್ಜಿಯಾ